ಕೂಡಲೂರು ಹರಿಹರವಾದದ್ದು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ದಾವಣಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಹರಿಹರ ಬರುತ್ತದೆ. ಊರು ಮುಗಿಯುತ್ತಲೇ ತುಂಗಭದ್ರೆ. ಅದನ್ನು ನೋಡಲೆಂದೇ ನಾನೊಮ್ಮೆ ಅಲ್ಲಿ ಇಳಿದೆ.

ಈ ಊರಿನ ಹಳೆಯ ಹೆಸರು ಕೂಡಲೂರು. ಕೂಡಲು ಎಂದರೆ ಎರಡು ಹೊಳೆ ಸೇರುವ ಜಾಗ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಕೆರೆಯಿಂದ ಹರಿದು ಬರುವ ಹರಿದ್ರಾ ಇಲ್ಲಿ ತುಂಗಭದ್ರೆಗೆ ಸೇರುತ್ತದೆ. ಹರಿದ್ರಾ ಎಂದರೆ ಅರಿಶಿನ. ಎಷ್ಟು ಚೆಂದದ ಹೆಸರು!

ಈಗಿನ ಹೆಸರು ದೇವರಿಂದ ಬಂದದ್ದು. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವು ಬಾರದಂತೆ ಗುಹಾಸುರನು ಬ್ರಹ್ಮನಿಂದ ವರ ಪಡೆದಿದ್ದನಂತೆ. ಆಗ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಕೊಂದರೆಂದು ಸ್ಥಳಪುರಾಣ. ಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಮಕ್ಕಳೇ, ನೀವು ಎದುರಿಗೆ ನಿಂತರೆ ಶಿವ ನಿಮ್ಮ ಎಡಕ್ಕೆ ಕಾಣುತ್ತಾನೆ, ಮರೆಯಬೇಡಿ!

ಈ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಮಂಟಪದ ಕಂಬಗಳನ್ನು ಮುಟ್ಟಿ ನೋಡಿದೆ. ಬುಗುರಿಯ ಹಾಗೆ ದುಂಡಗೆ, ನುಣ್ಣಗೆ ಇವೆ. ಕಲ್ಲನ್ನು ತಿರುಗಿಸುತ್ತಾ ಕಡೆದ ಕಂಬಗಳಿವು.

ತಿರುಗಿಸಿ ಕಡೆಯುವ ಅದೇ ಕೆಲಸ, ಏಳುನೂರು ವರ್ಷಗಳ ನಂತರ, ಕಬ್ಬಿಣದಲ್ಲಿ ಇದೇ ಊರಿಗೆ ಬಂತು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲೇಥ್ ಯಂತ್ರಗಳು. ಎಷ್ಟೋ ಮನೆಗಳ ಒಲೆ ಉರಿದದ್ದು ಆ ದುಡಿಮೆಯಿಂದ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಕೈಗೆ ಹತ್ತಿದ ವಿದ್ಯೆಗೆ ಬೀಗ ಹಾಕಲಾಗುವುದಿಲ್ಲ. ಊರಿನ ಸಣ್ಣ ವರ್ಕ್‌ಶಾಪುಗಳಲ್ಲಿ ಲೇಥ್ ಸದ್ದು ಇನ್ನೂ ಕೇಳುತ್ತದೆ.

ಹರಿಹರ ಒಂದು ಕಾಲಕ್ಕೆ ಗಡಿಯೂರು. 1956ರ ಏಕೀಕರಣಕ್ಕೆ ಮೊದಲು ಹೊಳೆಯ ಈ ದಡ ಮೈಸೂರು, ಆ ದಡ ಮುಂಬಯಿ. ಎರಡೂ ಕಡೆಯ ಮಾತು ಕನ್ನಡವೇ! ಈಗ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ.

ಹೊಳೆ, ದೇವರು, ನಾಡು ಎಲ್ಲವೂ ಇಲ್ಲಿ ಕೂಡಿವೆ. ಆದರೆ ಊರಿನ ಕೊಳೆಯೂ ಈಗ ಹೊಳೆಗೆ ಕೂಡುತ್ತಿದೆ. ಅಜ್ಜ ಅಜ್ಜಿಯರು ಬೊಗಸೆಯಲ್ಲಿ ಕುಡಿದ ನೀರನ್ನು ಮೊಮ್ಮಕ್ಕಳು ಮುಟ್ಟಲು ಹಿಂಜರಿಯಬಾರದು. ಹೊಳೆ ಚೊಕ್ಕಟವಾಗಿದ್ದರೆ ತಾನೇ ಕೂಡಲೂರಿಗೆ ಅರ್ಥ?