ಅಜ್ಜಿಯ ಸೊಂಟಕ್ಕೆ ಎಷ್ಟು ಕ್ಲಿಕ್?

ಎತ್ತಿನ ಬಂಡಿಗೆ ಸ್ಪ್ರಿಂಗ್ ಇರಲಿಲ್ಲ. ಮರದ ಗಾಲಿ, ಅದರ ಸುತ್ತ ಕಬ್ಬಿಣದ ಪಟ್ಟಿ, ಮೇಲೆ ಹಲಗೆ, ಅಷ್ಟೆ. ಗಾಲಿ ಕಲ್ಲು ಹತ್ತಿ ಇಳಿದರೆ ಆ ಪೆಟ್ಟು ನೇರ ಕೂತವರ ಬೆನ್ನಿಗೆ. ಅದಕ್ಕೇ ನಮ್ಮ ಬಳ್ಳಾರಿ ಸೀಮೆಯಲ್ಲಿ ಬಂಡಿ ಕಟ್ಟುವಾಗ ಯಾರು ಕೂರುತ್ತಾರೆಂದು ನೋಡಿ ಹುಲ್ಲು ಹಾಸುತ್ತಿದ್ದರು. ಜೋಳದ ಚೀಲಕ್ಕೆ ಹುಲ್ಲು ಬೇಡ. ಮಕ್ಕಳಿಗೆ ಒಂದು ಹಾಸು ಸಾಕು. ಬಸುರಿ ಹೆಣ್ಣುಮಗಳು ತವರಿಗೆ ಹೊರಟಿದ್ದರೆ ಮೊಣಕಾಲೆತ್ತರ ಹುಲ್ಲು, ಅದರ ಮೇಲೆ ಎರಡು ಕೌದಿ. ಮಕ್ಕಳೇ, ಈಗ ಪೇಟೆಯಲ್ಲಿ ‘ಅಡ್ಜಸ್ಟಬಲ್ ಸಸ್ಪೆನ್ಷನ್’ ಎಂದು ದುಡ್ಡು ಎಣಿಸಿಕೊಂಡು ಮಾರುವುದು ಇದನ್ನೇ. ಕೂತವರಿಗೆ ತಕ್ಕಂತೆ, ದಾರಿಗೆ ತಕ್ಕಂತೆ ಹುಲ್ಲು ಹೆಚ್ಚು ಕಡಿಮೆ ಮಾಡುವ ಏರ್ಪಾಡು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಕಾರು ಓಡಿಸಲು ಬರುವುದಿಲ್ಲ. ಆದರೂ ಹೋದ ವರ್ಷ ಒಂದು ತಿಂಗಳು ನಮ್ಮ ಮನೆಯಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬಿಟ್ಟು ಬೇರೆ ಮಾತಿರಲಿಲ್ಲ. ಕಾರಣ, ಮೊಮ್ಮಗ ಮತ್ತು ಅವನ ಕೆಂಪು ಕಾರು.

ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾರು ಚಿಕ್ಕದು, ಎಂಜಿನ್ ಮಾತ್ರ ಗಟ್ಟಿ. ವರ್ಷಕ್ಕೆ ಮೂರ್ನಾಲ್ಕು ಸಲ ಅದನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಓಡಿಸುತ್ತಾನೆ. ಅದು 2.1 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್. ಅಲ್ಲಿ ಹೆಲ್ಮೆಟ್ ಹಾಕಿಕೊಳ್ಳಬೇಕು, ಬಾವುಟ ಹಿಡಿದವರ ಮಾತು ಕೇಳಬೇಕು, ಎದುರಿನಿಂದ ಎಮ್ಮೆ ಬರುವುದಿಲ್ಲ. ವೇಗದ ಆಸೆ ತೀರಿಸಿಕೊಳ್ಳುವ ಜಾಗ ಅದೇ ಹೊರತು ಊರ ರಸ್ತೆಯಲ್ಲ ಎಂಬುದರಲ್ಲಿ ಅವನಿಗೂ ನನಗೂ ಒಂದೇ ಅಭಿಪ್ರಾಯ. ಟ್ರ್ಯಾಕಿಗೆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವಷ್ಟು ಅನುಕೂಲ ಅವನಿಗಿಲ್ಲ. ಓಡಿಸಿಕೊಂಡೇ ಹೋಗಬೇಕು, ಓಡಿಸಿಕೊಂಡೇ ಬರಬೇಕು. ಅದೇ ಕಾರಿನಲ್ಲಿ ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದು ಅಜ್ಜಿಯನ್ನು ಕುರುಗೋಡಿನಲ್ಲಿರುವ ಅವಳ ಅಕ್ಕನ ಮನೆಗೂ, ಸಿರುಗುಪ್ಪದ ನಮ್ಮ ಮಗಳ ಮನೆಗೂ ಕರೆದೊಯ್ಯುತ್ತಾನೆ.

ಅಜ್ಜಿ, ಅಂದರೆ ನನ್ನಾಕೆ, ಅದರ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಮೂಳೆ ಕೂಡಿತು. ಆದರೆ ಡಾಕ್ಟರು, “ಓಡಾಡಿ, ಎತ್ತಿ ಹಾಕುವಂಥ ಪ್ರಯಾಣ ಮಾತ್ರ ಬೇಡ” ಎಂದಿದ್ದರು. ಬಸ್ಸು ನಿಂತಿತು, ಆಟೋ ನಿಂತಿತು. ಕುರುಗೋಡಿನಲ್ಲಿ ಅಕ್ಕನಿಗೆ ಎಂಬತ್ತು ದಾಟಿದೆ. ದೊಡ್ಡ ಬಸವೇಶ್ವರನ ತೇರಿಗೆ ಅಕ್ಕತಂಗಿಯರು ಒಂದು ವರ್ಷವೂ ತಪ್ಪಿಸಿದವರಲ್ಲ. ಇನ್ನು ಆಕೆಗಿದ್ದದ್ದು ಮೊಮ್ಮಗನ ಕಾರೊಂದೇ.

ಅಂಥ ಹೊತ್ತಿನಲ್ಲಿ ಅವನು ಬಂದು, “ತಾತ, ಸಸ್ಪೆನ್ಷನ್ ಬದಲು ಮಾಡ್ತೀನಿ. ಬಿಗಿ ಮಾಡಬೌದು, ಮೆತ್ತಗ ಮಾಡಬೌದು. ಇಪ್ಪತ್ನಾಲ್ಕು ಕ್ಲಿಕ್ ಅದಾವು” ಎಂದ.

ಅಡುಗೆಮನೆಯಿಂದ ಉತ್ತರ ಬಂತು. “ನನ್ನ ಸೊಂಟಕ್ಕೆ ಎಷ್ಟು ಕ್ಲಿಕ್ ಬೇಕಂತ ಕೇಳಿಯೇನಪ?”

ಅವನು ತಲೆ ಕೆರೆದುಕೊಂಡ. ಏಳನೇ ತರಗತಿಯ ಮೊಮ್ಮಗಳು ನೋಟ್‌ಬುಕ್ ತಂದಳು. ನಾನು ಕನ್ನಡಕ ಹಾಕಿಕೊಂಡೆ.

ಮೊದಲು ಸ್ಪ್ರಿಂಗ್. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಶಾಲೆಯ ಪುಸ್ತಕದಲ್ಲಿದೆ: ಎಷ್ಟು ಬಲ ಹಾಕಿದರೆ ಸ್ಪ್ರಿಂಗ್ ಅದಕ್ಕೆ ತಕ್ಕಷ್ಟು ಎಳೆದುಕೊಳ್ಳುತ್ತದೆ ಅಥವಾ ಕುಗ್ಗುತ್ತದೆ. ಕಾರಿನ ಸ್ಪ್ರಿಂಗಿನ ಬಿಗಿಯನ್ನು ಒಂದು ಮಿಲಿಮೀಟರ್ ಕುಗ್ಗಲು ಎಷ್ಟು ಕಿಲೋ ಭಾರ ಬೇಕು ಎಂದು ಅಳೆಯುತ್ತಾರೆ. 5 ಕಿಲೋದ ಸ್ಪ್ರಿಂಗ್ ಮೇಲೆ 200 ಕಿಲೋ ಇಟ್ಟರೆ ಅದು 40 ಮಿ.ಮೀ. ಕುಗ್ಗುತ್ತದೆ. 10 ಕಿಲೋದ್ದಾದರೆ 20 ಮಿ.ಮೀ. ಮಾತ್ರ.

ಆದರೆ ಕುಗ್ಗಿದ ಸ್ಪ್ರಿಂಗ್ ಸುಮ್ಮನಿರುವುದಿಲ್ಲ. ಪಂಚಮಿಯ ಜೋಕಾಲಿ ಜೀಕಿ ಬಿಟ್ಟ ಮೇಲೂ ಹೇಗೆ ತೂಗುತ್ತಲೇ ಇರುತ್ತದೋ ಹಾಗೆ ಕಾರೂ ಕುಣಿಯುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹೋಳಿಯ ಪಿಚಕಾರಿ ನೆನಪು ಮಾಡಿಕೊಳ್ಳಿ. ಮೆಲ್ಲಗೆ ಒತ್ತಿದರೆ ಬಣ್ಣದ ನೀರು ಸಲೀಸಾಗಿ ಬರುತ್ತದೆ. ಜೋರಾಗಿ ಒತ್ತಿದರೆ ಕೈಗೆ ತಡೆ. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಆ ತಡೆಯಲ್ಲಿ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಮೊಮ್ಮಗ ಹೇಳಿದ ಇಪ್ಪತ್ನಾಲ್ಕು ಕ್ಲಿಕ್ ಎಂದರೆ ಈ ಎಣ್ಣೆಯ ದಾರಿಯನ್ನು ಹಿಗ್ಗಿಸುವ, ಕುಗ್ಗಿಸುವ ತಿರುಪು.

ಮೊಮ್ಮಗಳು ಥಟ್ಟನೆ ಕೇಳಿದಳು. “ಹಂಗಾದ್ರೆ ಕ್ಲಿಕ್ ತಿರುವಿದ್ರೆ ಸ್ಪ್ರಿಂಗ್ ಮೆತ್ತಗಾಗಲ್ಲೇನು?”

ಆಗುವುದಿಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಕ್ಲಿಕ್ ಬದಲಿಸುವುದು ಎಣ್ಣೆಯ ತಡೆಯನ್ನು, ಸ್ಪ್ರಿಂಗನ್ನಲ್ಲ. ಗಟ್ಟಿ ಸ್ಪ್ರಿಂಗಿನ ಜೋಡಿ ಕೊಂಡುಬಿಟ್ಟರೆ ಇಪ್ಪತ್ನಾಲ್ಕಲ್ಲ, ನೂರು ಕ್ಲಿಕ್ ತಿರುಗಿಸಿದರೂ ಅದು ಅಜ್ಜಿಗೆ ಮೆತ್ತಗಾಗದು. ಹಾಗಾಗಿ ‘ಎಷ್ಟು ಬಿಗಿ ಮಾಡಬಹುದು’ ಎಂದು ಅಂಗಡಿಯಲ್ಲಿ ಕೇಳುವ ಮೊದಲು, ‘ಇದರ ಮೆತ್ತನೆಯ ತುದಿ ಎಲ್ಲಿದೆ’ ಎಂದು ಕೇಳಬೇಕು.

ಇನ್ನು ನಮ್ಮ ದಾರಿ. ಸಿರುಗುಪ್ಪ, ಕುರುಗೋಡಿನ ಕಡೆ ಹೆಚ್ಚಾಗಿ ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಕ್ಕೆ ಅಲೆಯಲೆಯಾಗುತ್ತದೆ. ಬಳ್ಳಾರಿಯಿಂದ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಾಲು. ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದರೆ ಗುಂಡಿ, ಪೈಪಿಗೆಂದು ಅಗೆದು ಮುಚ್ಚಿದ ಗೆರೆ, ಮನೆಗೊಂದು ಹಂಪು.

ಶಾಕ್ ಅಬ್ಸಾರ್ಬರಿಗೆ ಅಲೆ ಬೇರೆ, ಗುಂಡಿ ಬೇರೆ. ಅಲೆಯ ಮೇಲೆ, ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಅದರ ಕಡ್ಡಿ ನಿಧಾನವಾಗಿ ಚಲಿಸುತ್ತದೆ. ಗುಂಡಿಯ ಅಂಚಿಗೆ ಗಾಲಿ ಬಡಿದಾಗ ಸರ್ರನೆ ನುಗ್ಗುತ್ತದೆ. ಟ್ರ್ಯಾಕಿನಲ್ಲಿ ರಸ್ತೆ ನುಣುಪು, ಅಲ್ಲಿ ಮುಖ್ಯವಾದದ್ದು ನಿಧಾನದ ಚಲನೆಯ ಹಿಡಿತ, ಕಾರು ಒಂದು ಕಡೆ ವಾಲಬಾರದು. ನಮ್ಮ ಊರ ದಾರಿಯಲ್ಲಿ ಮುಖ್ಯವಾದದ್ದು ವೇಗದ ಪೆಟ್ಟನ್ನು ನುಂಗುವುದು. ದುಬಾರಿ ಜೋಡಿಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ತಿರುಪು ಇರುತ್ತದೆ. ಅಗ್ಗದವುಗಳಲ್ಲಿ ಎಲ್ಲಕ್ಕೂ ಒಂದೇ.

ಬಿಗಿ ಇದ್ದಷ್ಟೂ ಕಾರು ರಸ್ತೆಯನ್ನು ಕಚ್ಚಿಕೊಳ್ಳುತ್ತದೆ ಎಂದು ಹುಡುಗರು ನಂಬುತ್ತಾರೆ. ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಒರಟು ರಸ್ತೆಯಲ್ಲಿ ಬಿಗಿಯಾದ ಗಾಲಿ ಚೆಂಡಿನಂತೆ ಪುಟಿಯುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಅಂದರೆ ಮೆತ್ತಗಿರುವುದು ಅಜ್ಜಿಗೆ ಮಾತ್ರ ಬೇಕಾದದ್ದಲ್ಲ, ಓಡಿಸುವವನ ಜೀವಕ್ಕೂ ಬೇಕು.

ದೊಡ್ಡ ದೊಡ್ಡ ಎಂಜಿನಿಯರುಗಳೂ ಇದೇ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡವರು. 1948ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ರೈತರಿಗೆಂದು 2ಸಿವಿ ಎಂಬ ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ಅದನ್ನು ರೂಪಿಸಿದವರಿಗೆ ಹಾಕಿದ್ದ ಷರತ್ತುಗಳಲ್ಲಿ ಒಂದು ಪ್ರಸಿದ್ಧವಾಗಿದೆ: ಉತ್ತ ಹೊಲ ದಾಟಿದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು. ಇನ್ನೊಂದು ತುದಿಯಲ್ಲಿ 1992ರ ವಿಲಿಯಮ್ಸ್ ರೇಸ್ ಕಾರು. ಅದರಲ್ಲಿ ಓಡುತ್ತಿರುವಾಗಲೇ ಕಂಪ್ಯೂಟರ್ ಸಸ್ಪೆನ್ಷನ್ ಹೊಂದಿಸುತ್ತಿತ್ತು. ಆ ವರ್ಷ ನೈಜೆಲ್ ಮ್ಯಾನ್ಸೆಲ್ ವಿಶ್ವ ಚಾಂಪಿಯನ್ ಆದರು. 1994ರಿಂದ ಫಾರ್ಮುಲಾ ಒನ್‌ನಲ್ಲಿ ಆ ಏರ್ಪಾಡನ್ನೇ ನಿಷೇಧಿಸಿದರು. ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ಮೊಟ್ಟೆಗೂ ಮ್ಯಾನ್ಸೆಲ್‌ಗೂ ನಡುವಿನ ಒಂದು ಜಾಗ.

ಅವನು ಮೂರು ಬಗೆ ನೋಡಿ ಬಂದಿದ್ದ. ಮೊದಲನೆಯದು ಕಾರನ್ನು 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಮಾತ್ರ. ಅಗ್ಗ, ಆದರೆ ಹೊಂದಿಸಲು ಏನೂ ಇಲ್ಲ. ಎರಡನೆಯದು ಟ್ರ್ಯಾಕಿಗೇ ಮಾಡಿದ್ದು. 10 ಕಿಲೋ ಸ್ಪ್ರಿಂಗ್, ಎರಡೆರಡು ತಿರುಪು, ಆಗಾಗ ಬಿಚ್ಚಿ ಎಣ್ಣೆ ಬದಲಿಸಬೇಕು. ಮೂರನೆಯದು ಮುಂದೆ 5 ಕಿಲೋ, ಹಿಂದೆ 4 ಕಿಲೋ ಸ್ಪ್ರಿಂಗಿನದು. ತಿರುಪು ಒಂದೇ, ಇಪ್ಪತ್ನಾಲ್ಕು ಕ್ಲಿಕ್. ಅವನ ಕಣ್ಣು ಎರಡನೆಯದರ ಮೇಲಿತ್ತು. ಬಂಗಾರದ ಬಣ್ಣ, ನೋಡಲು ಚೆಂದ.

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳು ಸಾಲುಗಟ್ಟಿದವು. ಎತ್ತರ ಬದಲಿಸುವುದು ಹೇಗೆ? ಕೆಲವದರಲ್ಲಿ ಸ್ಪ್ರಿಂಗ್ ಕೂರುವ ಬಳೆಯನ್ನೇ ಮೇಲೆ ಕೆಳಗೆ ಮಾಡುತ್ತಾರೆ. ಆಗ ತಗ್ಗಿಸಿದಷ್ಟೂ ಸಸ್ಪೆನ್ಷನ್ ಕುಗ್ಗಲು ಜಾಗ ಕಡಿಮೆ. ಕೆಳಗಿನ ಕೊಳವೆಯ ಉದ್ದವನ್ನೇ ಬದಲಿಸುವ ಬಗೆಯಲ್ಲಿ ಆ ಜಾಗ ಉಳಿಯುತ್ತದೆ. ಮೂರನೆಯದು ಅಂಥದ್ದು. ಮರೆಯ ಹಲ್ಲಿಗೆ ತುಕ್ಕು ಹಿಡಿಯುತ್ತದೆಯೇ? ಬಳ್ಳಾರಿಯ ಅದಿರಿನ ದೂಳು, ಸಿರುಗುಪ್ಪದ ಗದ್ದೆಯ ಕೆಸರು ಎರಡೂ ಸೇರಿದರೆ ಸಾದಾ ಉಕ್ಕಿನ ಮರೆ ಜಾಮ್ ಆಗಿ, ‘ಹೊಂದಿಸಬಹುದಾದ್ದು’ ಹೆಸರಿಗಷ್ಟೇ ಉಳಿಯುತ್ತದೆ. ಎಣ್ಣೆಯ ಸೀಲ್ ಹೋದರೆ ರಿಪೇರಿ ಎಲ್ಲಿ? ಬೆಂಗಳೂರಿನಲ್ಲೇ ಆಗುವುದು ಮೂರನೆಯದೊಂದೇ.

ತಗ್ಗಿಸುವ ಮಾತಿಗೆ ನಾನು ಒಪ್ಪಲಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಅಳತೆಯಂತೆ ಕಟ್ಟಿದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು. ಓಣಿಯವರು ತಾವೇ ಹಾಕಿಕೊಂಡ ಹಂಪು ಯಾವ ಪುಸ್ತಕ ನೋಡಿರುತ್ತದೆ? ಕಾರಿನ ಹೊಟ್ಟೆ ಉಜ್ಜಿದರೆ ಆ ಪೆಟ್ಟೂ ಬೆನ್ನಿಗೇ. ಇನ್ನೊಂದು ವಿಷಯ ಕಾನೂನಿನದು. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. “ಸಾರಿಗೆ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಕೇಳಿ, ಕಾಗದ ಕೈಯಲ್ಲಿ ಹಿಡಿದ ಮೇಲೆ ದುಡ್ಡು ಕೊಡಪ” ಎಂದೆ. ಅವನು ಹಾಗೆಯೇ ಮಾಡಿದ. ಎತ್ತರವನ್ನು ಕಂಪನಿಯ ಅಳತೆಯಲ್ಲೇ ಇಡಿಸಿದ. ಬಂಗಾರದ ಬಣ್ಣದ್ದನ್ನು ಬಿಟ್ಟು ಮೂರನೆಯದನ್ನು ತಂದ. ಕೂಡಿಸಿದ ದಿನವೇ ವೀಲ್ ಅಲೈನ್‌ಮೆಂಟೂ ಆಯಿತು. ಅದನ್ನು ಬಿಟ್ಟರೆ ಟೈರು ಒಂದೇ ಮಗ್ಗುಲು ಸವೆಯುತ್ತದೆ.

ಆಮೇಲೆ ಅಜ್ಜಿಯ ಕ್ಲಿಕ್ ಹುಡುಕುವ ಕೆಲಸ. ಆಕೆಯ ಮೇಲೇ ಪ್ರಯೋಗ ಮಾಡುವಂತಿರಲಿಲ್ಲ. ಆಕೆಯ ತೂಕ ಐವತ್ತು ಕಿಲೋ. ಇಪ್ಪತ್ತೈದು ಕಿಲೋದ ಎರಡು ಸಿರುಗುಪ್ಪ ಅಕ್ಕಿ ಚೀಲ ಮುಂದಿನ ಸೀಟಿನಲ್ಲಿ ಕೂಡಿಸಿ ಬೆಲ್ಟ್ ಕಟ್ಟಿದೆವು. ಹಿಂದೆ ಮೊಮ್ಮಗಳು, ಅವಳ ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ತುಂಬಿದ ಲೋಟ ನೀರು. ಕುರುಗೋಡಿನ ದಾರಿಯಲ್ಲಿ ಒಂದೇ ಒಂದು ಕಿ.ಮೀ., ಪ್ರತಿ ಸಲವೂ ಗಂಟೆಗೆ 30 ಕಿ.ಮೀ. ವೇಗ. ತಟ್ಟೆಗೆ ಚೆಲ್ಲಿದ ನೀರನ್ನು ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದಳು. ಕ್ಲಿಕ್ಕನ್ನು ಯಾವಾಗಲೂ ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸಬೇಕು, ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ.

ಪೂರ್ತಿ ಬಿಗಿಯಲ್ಲಿ ಎಂಟು ಮುಚ್ಚಳ ಚೆಲ್ಲಿತು. ಪೂರ್ತಿ ಮೆತ್ತಗೆ ಮಾಡಿದಾಗ ಏನೂ ಚೆಲ್ಲದು ಎಂದು ಮೊಮ್ಮಗಳು ಪಂಥ ಕಟ್ಟಿದ್ದಳು. ಐದು ಮುಚ್ಚಳ ಚೆಲ್ಲಿತು! ಗುಂಡಿಯ ಪೆಟ್ಟೇನೋ ಹೋಯಿತು, ಆದರೆ ಕಾರು ಜೋಕಾಲಿಯಾಯಿತು. ಹದಿನಾರನೇ ಕ್ಲಿಕ್ಕಿನಲ್ಲಿ ಎರಡೂವರೆ ಮುಚ್ಚಳ. ಅದೇ ಅಜ್ಜಿಯ ಕ್ಲಿಕ್ ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಬಿತ್ತು. ಕೊಯಮತ್ತೂರಿಗೆ ಹೋದಾಗ ಅವನು ಆರಕ್ಕೆ ಇಟ್ಟುಕೊಳ್ಳುತ್ತಾನೆ, ಹೊರಡುವ ಮುನ್ನ ಮತ್ತೆ ಹಿಂದಕ್ಕೆ.

ತೇರಿನ ದಿನ ಆಕೆ ಅಕ್ಕಿ ಚೀಲದ ಜಾಗದಲ್ಲಿ ಕೂತಳು. ಕುರುಗೋಡು ತಲುಪಿದ ಮೇಲೆ ಅಕ್ಕನ ಮನೆಯ ಕಟ್ಟೆಗೆ ಒರಗಿ, ತೇರು ಎಳೆಯುವ ಸದ್ದು ಕೇಳುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ಸೊಂಟದ ಮಾತು ಮಾತ್ರ ಬರಲಿಲ್ಲ.

ಮಕ್ಕಳೇ, ಸ್ಪೋರ್ಟ್ಸ್ ಕಾರು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ಅಪ್ಪನ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗೆ ಬಗ್ಗಿ ನೋಡಿ. ಬಹಳಷ್ಟು ಬೈಕುಗಳಲ್ಲಿ ಅಲ್ಲೊಂದು ಮೆಟ್ಟಿಲು ಮೆಟ್ಟಿಲಾದ ಬಳೆ ಇರುತ್ತದೆ, ಸಾಮಾನ್ಯವಾಗಿ ಐದು ಮೆಟ್ಟಿಲು. ಒಬ್ಬರೇ ಹೋಗುವಾಗ ಒಂದು, ಹಿಂದೆ ಅಜ್ಜನೋ ಅಜ್ಜಿಯೋ ಕೂತಾಗ ಇನ್ನೊಂದು. ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಮೆಕ್ಯಾನಿಕ್ ಅಣ್ಣನ ಬಳಿ ಕೊಕ್ಕೆ ಸ್ಪ್ಯಾನರ್ ಇರುತ್ತದೆ, ಎರಡು ನಿಮಿಷದ ಕೆಲಸ. ಮುಂದಿನ ಸಲ ಬೈಕು ಸರ್ವಿಸಿಗೆ ಹೋದಾಗ ಜೊತೆಗೆ ಹೋಗಿ ಕೇಳಿ. ಹಿಂದೆ ಯಾರು ಕೂರುತ್ತಾರೆ, ಅವರ ತೂಕ ಎಷ್ಟು ಎಂದು ಮೊದಲೇ ತಿಳಿದುಕೊಂಡು ಹೋಗಿರಿ.