ಹಿಂದೆ ನಿಂತು ನುಡಿಸಿದವನು

ಬೀಬಾಪ್ ಎಂಬ ಹೆಸರು ಕೇಳಿದರೆ ಮಗುವಿನ ತೊದಲು ಮಾತಿನಂತಿದೆ. ಆದರೆ ಇದು 1940ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನಾಂಗದ ತರುಣ ಕಲಾವಿದರು ಮುಖ್ಯವಾಗಿ ಕಟ್ಟಿ ಬೆಳೆಸಿದ ಜಾಸ್ ಸಂಗೀತದ ಒಂದು ಪಂಥ. ಕುಣಿಯುವವರಿಗಾಗಿ ನುಡಿಸಿ ನುಡಿಸಿ ಬೇಸತ್ತ ಇವರು, ಕುಳಿತು ಕಿವಿಗೊಟ್ಟು ಕೇಳಬೇಕಾದ ಸಂಗೀತವನ್ನು ಹುಟ್ಟುಹಾಕಿದರು. ಹತ್ತನೆಯ ತರಗತಿಯ ನಾವು ನಾಲ್ವರು ಗೆಳೆಯರಿಗೆ ಈ ವರ್ಷ ಇದರ ಗೀಳು ಹಿಡಿದಿದೆ. ‘ಸಿನಿಮಾ ಹಾಡು ಬಿಟ್ಟು ಇದೇನಿದು ಗಲಾಟೆ?’ ಎಂದು ಮನೆಯವರು ಕೇಳುವುದುಂಟು. ಅವರಿಗೂ ಉತ್ತರ ಹೇಳಿದಂತಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ನಾವು ಹೆಚ್ಚು ಸಲ ಕೇಳಿದ ಮುದ್ರಿಕೆ ‘ಕೋ-ಕೋ’. 1945ರ ನವೆಂಬರ್ 26ರಂದು ನ್ಯೂಯಾರ್ಕಿನಲ್ಲಿ ಸವಾಯ್ ಕಂಪೆನಿಗಾಗಿ ಧ್ವನಿಮುದ್ರಣವಾದದ್ದು. ಮೂರು ನಿಮಿಷವೂ ಇಲ್ಲ. ರೇ ನೋಬಲ್ ಎಂಬವನ ‘ಚೆರೋಕೀ’ ಹಾಡಿನ ಸ್ವರಮೇಳಗಳ ಸಾಲನ್ನಷ್ಟೇ ಉಳಿಸಿಕೊಂಡು, ಅದರ ಮೇಲೆ ಚಾರ್ಲಿ ಪಾರ್ಕರ್ ತನ್ನ ಸ್ಯಾಕ್ಸೊಫೋನಿನಲ್ಲಿ ಬೇರೆಯೇ ಒಂದು ಲೋಕವನ್ನು ಕಟ್ಟುತ್ತಾನೆ. ಆಗ ಅವನಿಗೆ 25 ವರ್ಷ. ತಾಳವಾದ್ಯದ ಮ್ಯಾಕ್ಸ್ ರೋಚನಿಗೆ 21. ಕಹಳೆಗೆ ಡಿಜ್ಜಿ ಗಿಲೆಸ್ಪಿ. ಪಿಯಾನೋದಲ್ಲಿ ಎಲ್ಲೆಲ್ಲಿ ಗಿಲೆಸ್ಪಿಯ ಕೈ, ಎಲ್ಲೆಲ್ಲಿ ಸಾದಿಕ್ ಹಕೀಮನ ಕೈ ಎಂಬ ಚರ್ಚೆ ಬಲ್ಲವರಲ್ಲಿ ಇನ್ನೂ ಮುಗಿದಿಲ್ಲ.

ಐದನೆಯವನೊಬ್ಬನಿದ್ದಾನೆ, ಕರ್ಲಿ ರಸೆಲ್. ಅವನದು ಡಬಲ್ ಬೇಸ್, ಆಳೆತ್ತರದ ಪಿಟೀಲೆನ್ನಿ. ನಿಂತುಕೊಂಡು ಬೆರಳಿನಿಂದ ತಂತಿ ಮೀಟಬೇಕು. ಕೋ-ಕೋದ ವೇಗ ನಿಮಿಷಕ್ಕೆ ಸುಮಾರು 300 ಪೆಟ್ಟು, ಅಂದರೆ ಸೆಕೆಂಡಿಗೆ ಐದು. ಪೆಟ್ಟಿಗೊಂದು ಸ್ವರದಂತೆ ಆ ದಪ್ಪ ತಂತಿಗಳನ್ನು ಮೀಟುತ್ತ ಹೋಗುವುದೆಂದರೆ ಹುಡುಗಾಟವೇ? ಒಂಟಿಯಾಗಿ ನುಡಿಸಿ ಮೆರೆಯುವ ಸರದಿಯೂ ಅವನಿಗಿಲ್ಲ. ಅಂದಿನ ಮುದ್ರಣದಲ್ಲಿ ತಗ್ಗಿನ ಸ್ವರಗಳು ಮಸುಕು. ಮೊಬೈಲಿನ ಸ್ಪೀಕರಿನಲ್ಲಂತೂ ಅವನು ಇದ್ದೂ ಇಲ್ಲದಂತೆ. ಇಯರ್‌ಫೋನ್ ಬೇಕೇ ಬೇಕು.

ಅವನನ್ನು ಮೊದಲು ಪತ್ತೆ ಮಾಡಿದವನು ನಮ್ಮಲ್ಲೊಬ್ಬ. ಶಾಲೆಯ ಯಕ್ಷಗಾನದಲ್ಲಿ ಎರಡು ವರ್ಷಗಳಿಂದ ಅವನಿಗೆ ಚಕ್ರತಾಳದ ಕೆಲಸ. ಕರಪತ್ರದಲ್ಲಿ ಭಾಗವತರ ಹೆಸರಿರುತ್ತದೆ, ಚೆಂಡೆ ಮದ್ದಳೆಯವರದ್ದೂ ಇರುತ್ತದೆ. ಇವನದ್ದು ಎರಡು ಸಲವೂ ಇರಲಿಲ್ಲ. ‘ಹಿಂದೆ ಒಬ್ಬ ನಡೆಯುತ್ತಿದ್ದಾನೆ, ಕೇಳಿ’ ಎಂದ. ಕೇಳಿದೆವು. ಆಮೇಲೆ ಪಾರ್ಕರನ ಹಾರಾಟ ಇನ್ನಷ್ಟು ಎತ್ತರವಾಗಿ ಕಂಡಿತು; ಕೆಳಗೆ ನೆಲ ಎಲ್ಲಿದೆಯೆಂದು ಈಗ ನಮಗೆ ತಿಳಿದಿತ್ತಲ್ಲ!

ತಮಾಷೆಯೆಂದರೆ, ಜಾಸ್ ಕಲಿಯುವವರೆಲ್ಲ ಅಭ್ಯಾಸ ಮಾಡುವ ‘ಡೋನಾ ಲೀ’ ಎಂಬ ಕೃತಿಗೆ ಆ ಹೆಸರು ಬಂದದ್ದು ರಸೆಲನ ಮಗಳಿಂದ ಎನ್ನುತ್ತಾರೆ. ಮಗಳ ಹೆಸರು ಎಲ್ಲರಿಗೂ ಬಾಯಿಪಾಠ, ಅಪ್ಪನನ್ನು ಕೇಳುವವರಿಲ್ಲ. 1947ರಲ್ಲಿ ಪಾರ್ಕರನ ತಂಡ ಅದನ್ನು ಧ್ವನಿಮುದ್ರಿಸಿದಾಗ ಬೇಸ್ ನುಡಿಸಿದವನೂ ರಸೆಲನಲ್ಲ, ಟಾಮಿ ಪಾಟರ್.

1988ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಪಾರ್ಕರನ ಬದುಕಿನ ಮೇಲೆ ‘ಬರ್ಡ್’ ಚಿತ್ರ ತೆಗೆದನು. ಅದಕ್ಕಾಗಿ ಹಳೆಯ ಮುದ್ರಿಕೆಗಳಿಂದ ಪಾರ್ಕರನ ವಾದ್ಯವನ್ನಷ್ಟೇ ಬೇರ್ಪಡಿಸಿ, ಹಿಂದಿನವರನ್ನು ತೆಗೆದುಹಾಕಿ, ಹೊಸಬರಿಂದ ನುಡಿಸಿ ಸೇರಿಸಿದರು. ಧ್ವನಿ ಸ್ಪಷ್ಟವಾಗಬೇಕಿತ್ತು ನಿಜ, ಹೊಸಬರೂ ಘಟಾನುಘಟಿಗಳೇ. ಈ ಬಗ್ಗೆ ನಮ್ಮ ನಾಲ್ವರಲ್ಲಿ ದೊಡ್ಡ ವಾದವೇ ಆಯಿತು. ಮೂವರು ಒಪ್ಪಿದೆವು. ಚಕ್ರತಾಳದವನು ಒಪ್ಪಲಿಲ್ಲ. ಪಾರ್ಕರ್ ಆ ದಿನ ಹಾಗೆ ನುಡಿಸಿದ್ದು ಆ ಜೊತೆಗಾರರನ್ನು ಕೇಳುತ್ತ ಕೇಳುತ್ತ ಅಲ್ಲವೇ, ಎಂಬುದು ಅವನ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ರಸೆಲ್ ಮುಂದೆ ಜಾಸ್‌ನಿಂದ ದೂರ ಸರಿದು, 1986ರಲ್ಲಿ ತೀರಿಕೊಂಡನು. ಅವನನ್ನು ಕೇಳಬೇಕೆನ್ನುವವರು ಕೋ-ಕೋದ ಬಳಿಕ 1954ರ ಫೆಬ್ರವರಿಯಲ್ಲಿ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಮುದ್ರಿಸಿದ ಆರ್ಟ್ ಬ್ಲೇಕಿಯ ತಂಡದ ಕಛೇರಿಯನ್ನು ಹುಡುಕಿರಿ. ಸಂಗೀತ ತೊಡಗುವ ಮೊದಲು ನಿರೂಪಕ ಪೀ ವೀ ಮಾರ್ಕೆಟ್ ತನ್ನ ಕೀರಲು ದನಿಯಲ್ಲಿ ಒಬ್ಬೊಬ್ಬ ಕಲಾವಿದನನ್ನೂ ಹೆಸರು ಹಿಡಿದು ಕರೆಯುತ್ತಾನೆ. ಬೇಸ್ ನುಡಿಸುವ ಕರ್ಲಿ ರಸೆಲನ ಹೆಸರೂ ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ.