ಎಸ್‌ಪಿ ರೋಡಿನ ಮೂರನೇ ಅಂಗಡಿ

ಅಪ್ಪ ತುಮಕೂರಿನ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಉಳಿದದ್ದು ಆರು ಪೆಟ್ಟಿಗೆ: ಪೆಂಟಿಯಂ 3 ಪ್ರೊಸೆಸರ್, 32 ಎಂಬಿ ರ್‍ಯಾಮ್, 1.44 ಎಂಬಿ ಫ್ಲಾಪಿ ಡ್ರೈವ್, ಐಎಸ್‌ಎ ಕಾರ್ಡು. ಮನೆ ಖಾಲಿ ಮಾಡಬೇಕಿತ್ತು. ಕಾರಿಗೆ ತುಂಬಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದೆ.

ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳೋರು ಕಡಿಮೆ. ಕಾಲಿಡೋಕೆ ಜಾಗವಿಲ್ಲದ ಗಲ್ಲಿಗಳು, ಪುಟ್ಟ ಅಂಗಡಿಗಳು, ನೇತಾಡೋ ಕೇಬಲ್ ಗೊಂಚಲು.

ಮೊದಲ ಎರಡು ಅಂಗಡಿಯವರು ತಕ್ಕಡಿ ತೋರಿಸಿದರು. ‘ಗುಜರಿ ಸಾರ್, ಕೆಜಿ ಲೆಕ್ಕ.’ ಬೋರ್ಡಿನ ತಾಮ್ರ, ಪಿನ್ನುಗಳ ತೆಳು ಚಿನ್ನದ ಲೇಪಕ್ಕಷ್ಟೇ ಬೆಲೆ; ಓಡುತ್ತೋ ಇಲ್ವೋ ಯಾರೂ ಕೇಳಲಿಲ್ಲ.

ಮೂರನೇ ಅಂಗಡಿಯ ಹಿರಿಯರು ಫ್ಲಾಪಿ ಡ್ರೈವ್, ಐಎಸ್‌ಎ ಕಾರ್ಡುಗಳನ್ನು ಪಕ್ಕಕ್ಕಿಟ್ಟರು. ‘ಇವನ್ನ ತೂಕಕ್ಕೆ ಹಾಕ್ಬೇಡಪ್ಪ. ಹಳೇ ಸಿಎನ್‌ಸಿ, ಕಸೂತಿ ಮಷೀನುಗಳಿಗೆ ಇನ್ನೂ ಬೇಕು. ಪೀಣ್ಯದಿಂದ ಹುಡುಕಿಕೊಂಡು ಬರ್ತಾರೆ.’

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ದುಡ್ಡೆಷ್ಟು ಬಂತು ಅಂತ ಕೇಳಲಿಲ್ಲ. ‘ಯಾವುದಾದ್ರೂ ಉಪಯೋಗಕ್ಕೆ ಬರತ್ತಂತಾ?’ ಅಂದರು.

‘ಒಂದು ಪೆಟ್ಟಿಗೆ ಪೂರ್ತಿ.’

‘ಸಾಕು ಬಿಡು. ಊಟಕ್ಕೆ ಬಾ.’

ನಿಮ್ಮನೆ ಅಟ್ಟದಲ್ಲೂ ಇಂಥ ಪೆಟ್ಟಿಗೆಗಳಿದ್ರೆ, ತಕ್ಕಡಿಗೆ ಹಾಕೋ ಮುಂಚೆ ಮೂರನೇ ಅಂಗಡಿವರೆಗೂ ನಡೀರಿ.